ಚೆಲ್ಲಿ ಎನ್ನುವ ಕಚೇರಿ, ಬಿಡದ ಕಚೇರಿ, ನಡುವೆ ನನ್ನ ಮಗಳ ತವರು

ಮಾನ್ಯರೇ,

ರಾಜ್ಯದ ಜನರ ಆರೋಗ್ಯ ನೋಡಿಕೊಳ್ಳಲು ಹೊಸದೊಂದು ಸಂಸ್ಥೆ ಕಟ್ಟುತ್ತೀರಂತೆ, ನೀವು ಅದರ ಕರಡು ಸಮಿತಿಯ ಅಧ್ಯಕ್ಷರಂತೆ, ಸಾರ್ವಜನಿಕರು ಅಭಿಪ್ರಾಯ ಕಳಿಸಬಹುದಂತೆ. ನಾನೂ ಸಾರ್ವಜನಿಕನೇ, ಕಳಿಸುತ್ತಿದ್ದೇನೆ. ಚೊಚ್ಚಲ ಬಸುರಿ ಮಗಳನ್ನು ಬಾಣಂತನಕ್ಕೆ ಮನೆಗೆ ಕರೆತರಲು ನನಗೆ ಆಗುತ್ತಿಲ್ಲ. ಅಡ್ಡ ನಿಂತಿರುವುದು ಸರ್ಕಾರದ ಎರಡು ಕಚೇರಿಗಳು. ನನ್ನ ದೂರು ಇಷ್ಟೇ. ಆದರೆ ಇಷ್ಟರಲ್ಲಿ ಮುಗಿಸುವ ಜಾಯಮಾನ ನನ್ನದಲ್ಲ. ಬೆಳಿಗ್ಗೆ ಹೂವಿನ ಬುಟ್ಟಿಗಳನ್ನು ಬಸ್ಸಿಗೆ ಹಾಕಿ ಬಂದು ಮೊಬೈಲಿಗೆ ತುಂಡುತುಂಡಾಗಿ ಹೇಳಿದ್ದನ್ನು ಈ ಪತ್ರಿಕೆಯವರು ಅಕ್ಷರಕ್ಕೆ ಇಳಿಸಿದ್ದಾರೆ. ಉದ್ದವಾಯಿತು ಅನ್ನಿಸಿದರೆ ಸಹಿಸಿಕೊಳ್ಳಿ. ನಿಮ್ಮ ಸುತ್ತೋಲೆಗಳನ್ನು ನಾವು ಸಹಿಸಿಕೊಂಡಿಲ್ಲವೇ?

ನಮ್ಮದು ಹಡಗಲಿ ಸೀಮೆಯ ಒಂದು ಹೂವಿನ ಓಣಿ. ನನಗೀಗ ಐವತ್ತು. ತೋಟದವರಿಂದ ಮಲ್ಲಿಗೆ ಮೊಗ್ಗು ತಂದು ಓಣಿಯ ಹೆಂಗಸರಿಗೆ ಕಟ್ಟಲು ಕೊಡುತ್ತೇನೆ, ಕಟ್ಟಿದ ಮಾಲೆಯನ್ನು ಕೊಟ್ಟೂರು, ಹರಪನಹಳ್ಳಿ, ದಾವಣಗೆರೆಗೆ ಕಳಿಸುತ್ತೇನೆ. ಹೂ ಕಟ್ಟುವ ಪ್ರತಿ ಮನೆಯ ಮುಂದೆ ಒಂದು ಕಲ್ಲುಬಾನಿ ಇದೆ. ಹಿಂದೆ ಎಮ್ಮೆ ನೀರು ಕುಡಿಯುತ್ತಿದ್ದ ಬಾನಿಯಲ್ಲಿ ಈಗ ಬಾಳೆನಾರು ನೆನೆಯುತ್ತದೆ. ಮೊಗ್ಗಿಗೆ ಚಿಮುಕಿಸುವ ನೀರೂ ಅದರದ್ದೇ. ಸರ್ಕಾರಿ ಬೋರಿನಿಂದ ನಲ್ಲಿಗೆ ಆಗಷ್ಟೇ ಬಂದ ಬಿಸಿ ನೀರು ತಾಕಿದರೆ ಮೊಗ್ಗು ಸಂಜೆಯೊಳಗೆ ಕೆಂಪಗಾಗುತ್ತದೆ. ನಿಂತು ತಣಿದ ನೀರೇ ಬೇಕು. ಹಾಗಾಗಿ ಬಾನಿ ಬತ್ತುವಂತಿಲ್ಲ. ತಣ್ಣಗಿರಲಿ, ಸೊಳ್ಳೆಯೂ ಬಾರದಿರಲಿ ಎಂದು ಅದರ ಮೇಲೆ ಹಸಿ ಗೋಣಿತಾಟು ಹೊದಿಸುತ್ತೇವೆ. ಸೊಳ್ಳೆಗೆ ಅಂಥ ತಂಪು ನೆರಳು ಬೇರೆಲ್ಲೂ ಸಿಗುವುದಿಲ್ಲ ಎಂದು ನಮಗೆ ತಿಳಿದದ್ದು ಆಮೇಲೆ.

ಆರೋಗ್ಯದ ಕಚೇರಿ ಪ್ರತಿ ಶುಕ್ರವಾರ ನೀರು ಚೆಲ್ಲಿ, ಬಾನಿ ಒಣಗಿಸಿ ಅನ್ನುತ್ತದೆ. ತಪ್ಪೇನಿಲ್ಲ, ಡೆಂಗಿ ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲೇ. ನೀರಿನ ಕಚೇರಿ ವಾರಕ್ಕೊಮ್ಮೆ ನಲ್ಲಿ ಬಿಡುತ್ತದೆ, ಮೋಟಾರು ಸುಟ್ಟರೆ ಹದಿನೈದು ದಿನ. ಅದು ಬಿಡುವ ದಿನ ಶುಕ್ರವಾರವಂತೂ ಅಲ್ಲ. ಈಗ ಹೇಳಿ, ಶುಕ್ರವಾರ ಚೆಲ್ಲಿದವರು ಶನಿವಾರ ನಾರನ್ನು ಯಾವುದರಲ್ಲಿ ನೆನೆಸಬೇಕು? ನಿಮ್ಮ ಕರಡಿನಲ್ಲಿ ನೆನೆಸಬಹುದೇ?

ಹೀಗಾಗಿ ನಮ್ಮ ಓಣಿ ಒಂದು ವಿದ್ಯೆ ಕಲಿಯಿತು. ಶುಕ್ರವಾರ ಆಶಾ ಕಾರ್ಯಕರ್ತೆ ಬೊಮ್ಮಮ್ಮ ತಿರುವಿನಲ್ಲಿ ಕಂಡಳೋ ಇಲ್ಲವೋ, ಬಾನಿಯ ನೀರೆಲ್ಲ ಒಳಗೆ ಹೋಗುತ್ತದೆ. ಕೊಡಕ್ಕೆ, ಹಂಡೆಗೆ, ಕುಕ್ಕರಿಗೂ ಸೈ. ಬೊಮ್ಮಮ್ಮ ಒಣ ಬಾನಿಯಲ್ಲಿ ಕೈಯಾಡಿಸಿ, ಗೋಡೆಗೆ ಸೀಮೆಸುಣ್ಣದ ಗುರುತು ಹಾಕಿ ಮುಂದಿನ ಮನೆಗೆ ಹೋಗುತ್ತಾಳೆ. ಅವಳು ಓಣಿ ದಾಟಿದ ಮೇಲೆ ಅದೇ ನೀರು ಅದೇ ಬಾನಿಗೆ, ಒಳಗೆ ಈಜುತ್ತಿದ್ದ ಮರಿಗಳ ಸಮೇತ. ಸೊಳ್ಳೆಮರಿಗಳಿಗೆ ವಾರಕ್ಕೊಮ್ಮೆ ನಮ್ಮ ಅಡುಗೆಮನೆಯ ಯಾತ್ರೆ, ಅಷ್ಟೇ. ಹೋದ ವರ್ಷ ಇದಕ್ಕೆ ಫಲವೂ ಸಿಕ್ಕಿತು. ಸೊಳ್ಳೆಮರಿ ಇಲ್ಲದ ಮಾದರಿ ಓಣಿ ಎಂದು ನಮಗೊಂದು ಪ್ರಶಂಸಾಪತ್ರ ಬಂತು. ಫೋಟೋದಲ್ಲಿ ಹಾರ ಹಾಕಿಕೊಂಡು ನಿಂತವನು ನಾನೇ. ಹಾರವೂ ನಮ್ಮ ಓಣಿಯದ್ದೇ, ಅದೇ ಬಾನಿಯ ನೀರಿನದ್ದು.

ಆ ವಾರವೇ ಪಂಚಮಿಗೆಂದು ಮಗಳು ಅಮೃತಾ ತವರಿಗೆ ಬಂದಳು. ಕೊಟ್ಟೂರಿಗೆ ಕೊಟ್ಟ ಮೇಲೆ ಅವಳ ಮೊದಲ ಪಂಚಮಿ. ಜೋಕಾಲಿ ಆಡಿ, ಉಂಡೆ ತಿಂದು, ಬಾನಿಯ ಪಕ್ಕದಲ್ಲೇ ಕೂತು ಗೆಳತಿಯರ ಜೊತೆ ಹೂ ಕಟ್ಟಿದಳು. ವಾರ ತುಂಬುವುದರೊಳಗೆ ಜ್ವರ. ದಾವಣಗೆರೆಯ ಆಸ್ಪತ್ರೆಯಲ್ಲಿ ಅವಳ ಒಸಡಿನಿಂದ ರಕ್ತ ಬರುವುದನ್ನು ನಾನೂ ಅವಳ ತಾಯಿ ಅನ್ನದಾನಮ್ಮನೂ ನೋಡುತ್ತ ಕೂತೆವು. ಉಳಿದಳು. ಮನೆಗೆ ಕಳಿಸುವಾಗ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, ಡೆಂಗಿ ಎರಡನೇ ಸಲ ಬಂದರೆ ಮೊದಲಿಗಿಂತ ಕೆಟ್ಟದಾಗಬಹುದು, ಬಸುರಿದ್ದಾಗ ಬಂದರಂತೂ ಎರಡು ಜೀವಕ್ಕೂ ಅಪಾಯ ಅಂದರು.

ಈಗ ಅಮೃತಾ ಬಸುರಿ. ನೀವು ಸೀಮಂತ ಅನ್ನುವ ಕುಬಸ ಮುಗಿದಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಕರೆಯದಿದ್ದರೆ ತವರು ಕೈಬಿಟ್ಟಿತು ಅಂತಲೇ ಅರ್ಥ. ಅವಳ ಅತ್ತೆಗೆ ಮೊಣಕಾಲು ನೋವು, ಬಾಣಂತನ ಮಾಡುವ ಶಕ್ತಿ ಅವರಿಗಿಲ್ಲ. ಮೊನ್ನೆ ಫೋನಿನಲ್ಲಿ ಆ ಅತ್ತೆ, ನನ್ನ ಬೀಗಿತಿ ಪುಷ್ಪಲತಾ, ನಗುತ್ತಲೇ ಚುಚ್ಚಿದರು: "ಏನ್ರಿ ಬೀಗ್ರ, ಮಲ್ಲಿಗಿ ಬುಟ್ಟಿ ದಿನಾ ನಮ್ಮೂರಿಗೆ ಕಳಿಸ್ತೀರಿ. ಮಗಳನ್ನ ಕರಕೊಂಡು ಹೋಗಾಕ ಮಾತ್ರ ಬಸ್ಸು ಸಿಗವಲ್ದೇನು?"

ಸುಮ್ಮನೆ ಕೂತಿಲ್ಲ, ಮಾನ್ಯರೇ. ಆರೋಗ್ಯದ ಕಚೇರಿಗೆ ಹೋದೆ, ನೀರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು. ನೀರಿನ ಕಚೇರಿಗೆ ಹೋದೆ, ಜ್ವರ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು. ಬಾನಿಗಳಿಗೆ ಬಿಗಿಯಾದ ಮುಚ್ಚಳವಾದರೂ ಕೊಡಿ ಅಂದರೆ, ಅದು ಯಾವ ಬಾಬ್ತಿಗೂ ಸೇರುವುದಿಲ್ಲವಂತೆ. ಸೊಳ್ಳೆಯೊಂದೇ ಎಲ್ಲರ ವ್ಯಾಪ್ತಿಯಲ್ಲೂ ಆರಾಮಾಗಿ ಓಡಾಡಿಕೊಂಡಿದೆ. ಕೊನೆಗೆ ಬೊಮ್ಮಮ್ಮನನ್ನೇ ಕೇಳಿದೆ. ಸೀಮೆಸುಣ್ಣದ ಕೈ ಸೆರಗಿಗೆ ಒರೆಸಿಕೊಂಡು ಅಂದಳು: "ಅಣ್ಣಾ, ಚೆಲ್ರಿ ಅನ್ನಾದು ನನ್ನ ಕೆಲ್ಸ. ನೀರು ಬಿಡ್ಸಾದು ನನ್ನ ಕೈಯಾಗ ಎಲ್ಲೈತಿ? ನೀವು ನೀರು ಒಳಗ ಒಯ್ಯಾದು ನನಗ ಗೊತ್ತಿಲ್ಲ ಅನ್ಕಂಡೀರೇನು? ನಮ್ಮ ಮನ್ಯಾಗೂ ಡ್ರಮ್ಮು ತುಂಬೇ ಐತಿ."

ನಮ್ಮ ಮನೆಯ ಬಾನಿಯನ್ನು ನಾನು ಬೋರಲು ಹಾಕಿದ್ದೇನೆ. ಅನ್ನದಾನಮ್ಮ ಹೂ ಕಟ್ಟುವುದನ್ನೇ ಬಿಟ್ಟಳು. ಉಪಯೋಗವೇನು? ಎದುರುಮನೆಯ ಕೆಂಚಕ್ಕನ ಬಾನಿ ನಮ್ಮ ಬಾಗಿಲಿಗೆ ನೇರ ಇದೆ. ಅವಳನ್ನು ಕೇಳಿದೆ, ಮಗಳು ಬಂದು ಹೋಗುವವರೆಗಾದರೂ ಬಾನಿ ಬರಿದಾಗಿಡು ಎಂದು. ಕಟ್ಟುತ್ತಿದ್ದ ಮಾಲೆಯಿಂದ ಅವಳು ತಲೆಯೆತ್ತಲಿಲ್ಲ. "ಚೆಲ್ತೀನಿ ತಗಳಪ್ಪ. ಅಮೃತಾ ನನಗೂ ಮಗಳ. ಆದ್ರ ನಾಳಿ ನಾರು ಯಾತರಾಗ ನೆನಸ್ಲಿ? ಮಗ್ಗಿ ಕೆಂಪಾದ್ರ ಮಾಲಿ ವಾಪಸ್ ಕಳಿಸಾವ ನೀನಾ ಅಲ್ಲೇನು?"

ನಾನೇ, ಮಾನ್ಯರೇ. ಕೆಂಪಾದ ಮಾಲೆಯನ್ನು ಪೇಟೆ ನನಗೆ ವಾಪಸ್ ಕಳಿಸುತ್ತದೆ, ನಾನು ಅವಳಿಗೆ. ಅವಳು ಬಾನಿ ಚೆಲ್ಲಿದರೆ ಅವಳ ಒಲೆ ಆರುತ್ತದೆ. ಚೆಲ್ಲದಿದ್ದರೆ ನನ್ನ ಮಗಳು ಹೊಸ್ತಿಲು ತುಳಿಯುವಂತಿಲ್ಲ. ಇಡೀ ಓಣಿ ಹೂ ಕಟ್ಟುವುದನ್ನು ಬಿಟ್ಟರೆ ನನ್ನ ಮನೆಯ ಒಲೆಯೂ ಅಷ್ಟೇ. ಯಾವ ಕಡೆ ತಿರುಗಿದರೂ ಆ ಬಾನಿಯ ಅಂಚಿಗೇ ಬಂದು ಬಡಿಯುತ್ತೇನೆ.

ಈಗ ನಿಮ್ಮ ಸಂಸ್ಥೆಯ ಮಾತು. ಕಟ್ಟಡ ಬರುತ್ತದೆ, ನಾಮಫಲಕ ಬರುತ್ತದೆ, ಜೀಪು ಬರುತ್ತದೆ, ಉದ್ಘಾಟನೆಗೆ ಮಲ್ಲಿಗೆ ಹಾರ ಬೇಕಾದರೆ ನಮ್ಮ ಓಣಿಯಿಂದಲೇ ಹೋಗುತ್ತದೆ. ಆಮೇಲೆ? ಚೆಲ್ಲಿ ಎಂದು ಹೇಳಲು ಬೊಮ್ಮಮ್ಮನ ಹಿಂದೆ ಇನ್ನೊಬ್ಬರು ಬರುತ್ತಾರೆಯೇ? ನನ್ನ ಅಭಿಪ್ರಾಯ ಕೇಳಿದ್ದೀರಿ, ಬರೆದುಕೊಳ್ಳಿ. ನೀರು ಚೆಲ್ಲಿ ಎಂದು ಆದೇಶ ಮಾಡುವ ಕೈಗೇ ನೀರು ಬಿಡಿ ಎಂದು ಆದೇಶ ಮಾಡುವ ಅಧಿಕಾರವೂ ಇರಲಿ. ಶುಕ್ರವಾರ ಚೆಲ್ಲಿಸಿದವರು ಶುಕ್ರವಾರವೇ ನಲ್ಲಿ ಬಿಡಿಸಲಿ. ಕೊಡದಲ್ಲಿ ಹಿಡಿದಿಟ್ಟದ್ದು ಶನಿವಾರಕ್ಕೆ ತಣಿದಿರುತ್ತದೆ, ನಾವು ಬಾನಿಯನ್ನು ನಿಜವಾಗಿಯೂ ಒಣಗಿಸುತ್ತೇವೆ. ಇಷ್ಟು ಮಾಡಲಾಗದ ಸಂಸ್ಥೆಯಾದರೆ ದಯವಿಟ್ಟು ತೆರೆಯಬೇಡಿ. ನಮ್ಮ ಗೋಡೆಯಲ್ಲಿ ಇನ್ನೊಂದು ಗುರುತಿಗೆ ಜಾಗವಿಲ್ಲ.

ನಿನ್ನೆ ಅಮೃತಾ ಫೋನು ಮಾಡಿದ್ದಳು. "ಅಪ್ಪಾ, ಹಗಲೆಲ್ಲ ಸೊಳ್ಳಿಪರದಿ ಒಳಗಾ ಕುಂದರ್ತೀನಿ. ಕರಿಯಾಕ ಬಾ," ಅಂದಳು. ಊರಿಗೆಲ್ಲ ಬಾಯಿಬಡುಕನೆಂದು ಹೆಸರಾದವನು ನಾನು. ಬಾ ಅನ್ನಲು ಬಾಯಿ ಬರಲಿಲ್ಲ, ಬೇಡ ಅನ್ನಲೂ ಬರಲಿಲ್ಲ. ಅನ್ನದಾನಮ್ಮ ಫೋನು ಇಸಿದುಕೊಂಡು, ಸಿಗ್ನಲ್ ಇಲ್ಲ ಎಂದು ಮಗಳಿಗೆ ಹೇಳಿ ಇಟ್ಟುಬಿಟ್ಟಳು. ಮಗಳು ಇನ್ನೂ ಕಾಯುತ್ತಿದ್ದಾಳೆ. ಅವಳಿಗೆ ಏನು ಹೇಳಬೇಕು ಎಂಬುದೇ ನಿಮ್ಮ ಸಂಸ್ಥೆಯ ಮೊದಲ ಆದೇಶವಾಗಲಿ. ಅವಳಿಗೆ ತಿಂಗಳು ತುಂಬುವ ಮೊದಲು ತಲುಪುವಂತೆ ಕಳಿಸಿ.

ಇಂತಿ,
ಪ್ರಶಂಸಾಪತ್ರ ಪಡೆದ ಓಣಿಯವನು, ಮಗಳಿಗೆ ಬಾ ಎನ್ನಲಾಗದವನು,
ಹೂವಿನ ಕರಿಸಿದ್ದಪ್ಪ