ಜೇಬಿನಲ್ಲುಳಿದ ಬೋಲ್ಟು

ಮಾರ್ಚ್ ೧೪, ಗುರುವಾರ

ಅಂಗಿ ಬಿಚ್ಚುವಾಗ ಜೇಬಿನಿಂದ ಬೋಲ್ಟು ಬಿತ್ತು. ಕಾರಿನ ಅರ್ತ್ ವೈರನ್ನು ಹೊಸ ಎಂಜಿನ್ನಿಗೆ ಬಿಗಿಯುವ ಬೋಲ್ಟು; ಆ ವೈರು ಕೂರದಿದ್ದರೆ ಕಾರು ಶುರುವಾಗುವುದೇ ಇಲ್ಲ. ಕಳೆದೀತೆಂದು ಬೆಳಿಗ್ಗೆ ನಾನೇ ಜೇಬಿಗೆ ಹಾಕಿಕೊಂಡು ಮರೆತಿದ್ದೆ.

ಮಧ್ಯಾಹ್ನ ಕೀಲಿ ತಿರುಗಿಸಿದರೆ ಕಾರು ಕೆಮ್ಮಲೂ ಇಲ್ಲ. ಕಾರಿನ ಯಜಮಾನರಾದ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ನಾನು ಥಟ್ಟನೆ, ಗ್ಯಾರೇಜಿನಲ್ಲಿ ನನ್ನ ಜೊತೆ ಕೆಲಸ ಮಾಡುವ ತಂಗಿಯ ಕಡೆ ತಿರುಗಿದೆ. ಹಳೆ ಎಂಜಿನ್ ಇಳಿಸುವಾಗ ಒಂದೊಂದು ವೈರಿಗೂ ಗುರುತಿನ ಚೀಟಿ ಕಟ್ಟಿದವಳು ಅವಳು.

"ಚೀಟಿ ಅದಲುಬದಲು ಮಾಡಿದ್ದೀಯ. ಇದೇನು ಲಂಗಕ್ಕೆ ಲಾಡಿ ಪೋಣಿಸೋ ಕೆಲಸ ಅಂದ್ಕೊಂಡ್ಯಾ?"

ಮೇಷ್ಟ್ರು ನಕ್ಕರು. ನಾನೂ ನಕ್ಕೆ.

"ಆಯ್ತಣ್ಣ, ಇನ್ನೊಂದ್ಸಲ ನೋಡ್ತೀನಿ" ಎಂದು ಬಾನೆಟ್ಟಿನೊಳಗೆ ಬಗ್ಗಿದವಳು ಮೂರು ಗಂಟೆ ಹೊತ್ತು ಅಲ್ಲಿಂದ ಕದಲಲಿಲ್ಲ, ಡಬ್ಬಿ ತಡಕಲು ಒಮ್ಮೆ ಎದ್ದದ್ದು ಬಿಟ್ಟರೆ. ಸಂಜೆ ಎಂಜಿನ್ ಒಂದೇ ಸಲಕ್ಕೆ ಗುರ್ರೆಂದಿತು.

"ಏನಾಗಿತ್ತಮ್ಮ?" ಎಂದರು ಮೇಷ್ಟ್ರು.

"ನನ್ನದೇ ತಪ್ಪು ಮೇಷ್ಟ್ರೇ, ಒಂದು ವೈರು ಸಡಿಲ ಬಿಟ್ಟಿದ್ದೆ."

"ನಾ ಹೇಳ್ಲಿಲ್ವಾ?" ಎಂದು ನಾನು ಬೀಗಿದೆ.

ನಡುವೆ ಒಮ್ಮೆ ಅವಳು ಹಳೆ ಬೋಲ್ಟುಗಳ ಡಬ್ಬಿ ತಡಕಾಡಿ ಒಂದನ್ನು ಆರಿಸಿಕೊಂಡದ್ದು ಈಗ ನೆನಪಾಗುತ್ತಿದೆ. ಅರ್ತ್ ವೈರು ಬಿಗಿಯುವುದು ನನ್ನ ಪಾಲಿನ ಕೆಲಸ; ಮರೆತವರು ಯಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮಾನ ಉಳಿಸಿದಳು.

ನಾಳೆ ಮೇಷ್ಟ್ರು ಕಾರು ಒಯ್ಯಲು ಬರುತ್ತಾರೆ. ಅವಳೆದುರಿಗೇ ಈ ಬೋಲ್ಟನ್ನು ಅವರಿಗೆ ತೋರಿಸಬೇಕು. ಹೇಗೆ ಶುರುಮಾಡಲಿ ಎಂದು ಈಗಷ್ಟೇ ಬಾಯಿಬಿಟ್ಟು ಹೇಳಿ ನೋಡಿದೆ. "ಮೇಷ್ಟ್ರೇ, ನಿನ್ನೆ..." ಎಂದೆ. ಮುಂದಿನ ಮಾತು ಮಧ್ಯಾಹ್ನದ ಕಾರಿನ ಹಾಗೆ ಶುರುವಾಗಲೇ ಇಲ್ಲ.