ತೋಳಿನ ಪಟ್ಟಿ

ಫಿಲಡೆಲ್ಫಿಯಾ
ಸೋಮವಾರ

ಪ್ರಿಯ ಲಿಯೋ,

ನಿನ್ನೆ ಫೈನಲ್ ಗೆದ್ದವನೇ ಬಂದು, "ಹೆಂಗಿತ್ತು ಆಂಟಿ ನನ್ನಾಟ?" ಅಂತ ಕೇಳಿದೆಯಲ್ಲ, ಅದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಬಿಲಿಯರ್ಡ್ಸ್ ಮೇಜಿನ ಈ ಸ್ಟ್ರೇಟ್ ಪೂಲ್ ಆಟವನ್ನು ಎಲ್ಲರೂ ಮರೆತಿದ್ದಾಗ ಮತ್ತೆ ಎಬ್ಬಿಸಿ ನಿಲ್ಲಿಸಿದವನು ನೀನು. ತೀರಿಹೋದ ನನ್ನ ಗಂಡ ಜಿಗ್ಗಿಯ ಹೆಸರಿನಲ್ಲಿ ಕಪ್ ಇಟ್ಟವನೂ ನೀನೇ. ಇಲ್ಲವೆನ್ನುವುದಿಲ್ಲ.

ಆಟಕ್ಕೆ ಮೊದಲು ನೀನು ಭಾಷಣದಲ್ಲಿ ಅವರ ಕಥೆಯನ್ನೇ ಹೇಳಿದೆ. ಚಾಂಪಿಯನ್‌ಶಿಪ್ ಕೈಗೆ ಬಂದಿದ್ದಾಗ ಅವರು ಕೋಲು ಕೆಳಗಿಟ್ಟು, "ನನ್ನ ಅಂಗಿ ತೋಳು ಚೆಂಡಿಗೆ ತಾಗ್ತು, ಫೌಲು" ಎಂದರು. ರೆಫರಿ, "ನಾನು ನೋಡ್ಲಿಲ್ವಲ್ಲ" ಎಂದ. "ನೀನು ನೋಡ್ಲಿಲ್ಲ ಅಂದ್ರೇನಯ್ಯಾ, ನಾನು ನೋಡಿದ್ನಲ್ಲ!" ಎಂದು ಸರದಿ ಬಿಟ್ಟುಕೊಟ್ಟು ಹೋಗಿ ಕುಳಿತರು, ಸೋತರು. ಹೇಳುವಾಗ ನಿನ್ನ ಕಣ್ಣು ಒದ್ದೆಯಾಗಿತ್ತು.

ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದೂ ನೀನೇ. ನೀನು ಬಗ್ಗಿದಾಗ ನಿನ್ನ ಅಂಗಿಯ ತೋಳು ಕೆಂಪು ಚೆಂಡನ್ನು ಸವರಿತು, ಚೆಂಡು ಅಲುಗಿತು. ನೀನು ರೆಫರಿಯನ್ನು ನೋಡಿದೆ, ನನ್ನನ್ನೂ ನೋಡಿದೆ. ಪ್ರತಿ ಹೊಡೆತಕ್ಕೂ ಯಾವ ಚೆಂಡು, ಯಾವ ಪಾಕೆಟ್ ಎಂದು ಬಾಯಿಬಿಟ್ಟು ಹೇಳುವ ಆಟದಲ್ಲಿ ಅದೊಂದನ್ನು ಮಾತ್ರ ಹೇಳಲಿಲ್ಲ.

ಅಂದು ಅವರು ಸೋತು ಬಂದಮೇಲೆ ಅಂಗಿಯ ತೋಳು ಮೇಲೆ ನಿಲ್ಲಲೆಂದು ಎಲಾಸ್ಟಿಕ್ ಪಟ್ಟಿ ಹೊಲಿದುಕೊಟ್ಟಿದ್ದೆ. ಅವರು ತೀರಿಹೋದಮೇಲೆ ಆ ಪಟ್ಟಿಗಳನ್ನು ನಿನಗೇ ಕೊಟ್ಟೆ. ನಿನ್ನೆ ನೀನು ಹಾಕಿರಲಿಲ್ಲ. ವಾಪಸು ಕಳಿಸು.

ಕಪ್ ನೀನೇ ಇಟ್ಟುಕೋ, ಅವರ ಹೆಸರಿನ ತಗಡು ಮಾತ್ರ ಬಿಚ್ಚಿಸು. ಯಾಕೆಂದು ಜನ ಕೇಳುತ್ತಾರೆ. ನಾನು ಬಾಯಿಬಿಡುವುದಿಲ್ಲ. ಫೌಲನ್ನು ಆಡಿದವನೇ ಹೇಳಬೇಕು.

ಇಂತಿ,
ಶ್ರೀಮತಿ ಪಾವ್ಲಾಕ್