ಮುಖ ನೋಡಿದರೆ ಸಾಕು

ಮಾರ್ಚ್ 3, ಬೆಳಿಗ್ಗೆ 7
ಹದಿನೆಂಟು ಪಂಜರ ತೊಳೆದಾಯಿತು. ಹಣ್ಣು ಹಂಚಿದೆ. ‘ಮೇಷ್ಟ್ರು’ ಎಂದಿನಂತೆ ಗೋಡೆಗೆ ಮುಖ ಮಾಡಿ ಕೂತಿದ್ದ. ‘ಕಂಟ್ರಾಕ್ಟರ್’ ಪಕ್ಕದವನ ಪಾಲಿಗೂ ಕೈಚಾಚಿದ. ಇಬ್ಬರೂ ಕೋತಿಗಳೇ, ಹೆಸರು ನಾನಿಟ್ಟದ್ದು. ಉಳಿದ ಕೆಲಸದವರು ಎದೆಯ ಮೇಲಿನ ಹಚ್ಚೆ ನಂಬರ್ ಓದಿ ಗುರುತು ಹಿಡಿಯುತ್ತಾರೆ. ನನಗೆ ಮುಖ ಸಾಕು. ಇಪ್ಪತ್ತೆರಡು ವರ್ಷ, ಒಂದೂ ತಪ್ಪಿಲ್ಲ. ಊರ ಶಾಲೆಯ ಏಳನೇ ಕ್ಲಾಸಿಗೇ ಇಷ್ಟು ಬುದ್ಧಿ... ಹತ್ತು ಓದಿದ್ದರೆ ಈ ಲ್ಯಾಬೇ ನನ್ನದು.

ಮಾರ್ಚ್ 9
ತಂಗಿಯ ಮಗಳು ಇಲ್ಲಿ ದೊಡ್ಡ ಡಾಕ್ಟರ್. ಅವಳು ಕೋತಿಗಳಿಗೆ ಆಡಿಸುವ ಆಟ: ಪರದೆಯ ಮೇಲೆ ಒಂದು ಮುಖ ಬಂದು ಹೋಗುತ್ತದೆ. ಆಮೇಲೆ ನಾಲ್ಕು ಮುಖ. ಮೊದಲು ಕಂಡದ್ದನ್ನು ಮುಟ್ಟಿದರೆ ಜ್ಯೂಸ್.
“ನಿನ್ನ ಮೇಷ್ಟ್ರನ್ನ ಸೋಲಿಸ್ತೀನಿ, ಲೋಟ ತೊಳೆದಿಡು” ಅಂದೆ.
ಐವತ್ತಕ್ಕೆ ಮೇಷ್ಟ್ರು ನಲವತ್ತಾರು. ನಾನು ಹದಿಮೂರು.
“ಕಣ್ಣು ಮುಚ್ಕೊಂಡು ಮುಟ್ಟಿದ್ರೂ ಅಷ್ಟೇ ಬರುತ್ತೆ ಮಾವ.”
“ಕನ್ನಡಕ ಹಳೇದು ಕಣೇ.”
ಹೂವಿನ ಚಿತ್ರ ಹಾಕಿದಳು. ನಲವತ್ತೊಂಬತ್ತು!
“ಕನ್ನಡಕದ ತಪ್ಪಾಗಿದ್ರೆ ಹೂವೂ ಕಾಣ್ಬಾರ್ದಿತ್ತಲ್ವಾ?”
ನಗಲಿಲ್ಲ ಅವಳು.

ಮಾರ್ಚ್ 10
ಹಾಳೆಯ ಮೇಲೆ ತಲೆ ಬರೆದು ತೋರಿಸಿದಳು. ಕಣ್ಣಿಗೆ ಕಂಡದ್ದು ಮೊದಲು ಮಿದುಳಿನ ಹಿಂಭಾಗಕ್ಕೆ. ಅಲ್ಲಿಂದ ಕಿವಿಯ ಕಡೆಗೊಂದು ದಾರಿ, ಅದರಲ್ಲಿ ಮುಖಗಳಿಗೆಂದೇ ಬೇರೆ ಠಾಣೆಗಳು. ಮುಂದೆ ನೆನಪಿನ ಉಗ್ರಾಣ. ಕೋತಿಗೂ ನಮಗೂ ಹೆಚ್ಚುಕಡಿಮೆ ಅದೇ ನಕ್ಷೆಯಂತೆ. ಮೇಷ್ಟ್ರ ತಲೆಯಲ್ಲಿ ಆ ದಾರಿಯ ಒಂದು ಕೊಂಡಿ ಕಡಿದು, ಏನು ಮರೆಯುತ್ತಾನೆ ನೋಡುವುದು—ಅವಳ ಎರಡು ವರ್ಷದ ಕೆಲಸ. ಹೋಲಿಸಲು ಕಂಟ್ರಾಕ್ಟರ್. ಅವನ ತಲೆ ಮುಟ್ಟುವಂತಿಲ್ಲ.
“ನೀವೂ ಒಂದು ಸ್ಕ್ಯಾನ್ ಮಾಡಿಸ್ಕೊಳ್ಳಿ ಮಾವ. ಅಲ್ಲೀವರೆಗೂ ಪಂಜರದ ಕೆಲಸ ಬೇಡ.”
“ನಿಮ್ಮಮ್ಮನ ಮೂಗು ಒರೆಸಿದವನು ನಾನು. ನನಗೇ ತಲೆ ಪಾಠ ಹೇಳ್ತೀಯಾ?”
ಸಂಜೆ ಫೋನ್ ಮಾಡಿ, ಸ್ಕ್ಯಾನ್ ಆಯಿತು, ಏನೂ ಇಲ್ಲ ಅಂದೆ. ನಂಬಿದಳು. ಮಾವನಲ್ಲವೇ.

ಮಾರ್ಚ್ 13
ಕ್ಯಾಂಟೀನಿನಲ್ಲಿ ಯಾರೋ ಎದುರು ಬಂದು ಕೂತರು. ಮಾತಾಡಿದ ಮೇಲೆ ಗೊತ್ತಾಯಿತು—ಗೇಟಿನ ವಾಚ್‌ಮನ್. ದಿನಾ ನೋಡುವವನು! ಕೋತಿಗಳದ್ದು ಆ ತೊಂದರೆ ಇಲ್ಲ. ನಡಿಗೆ ಸಾಕು, ಕೂರುವ ರೀತಿ ಸಾಕು, ಕೂಗು ಸಾಕು... ಹಾಗಾದರೆ ಬರೀ ಮುಖದಿಂದ ಗುರುತು ಹಿಡಿದು ಎಷ್ಟು ದಿನವಾಯಿತು?

ಮಾರ್ಚ್ 26, 10.40
ಇವತ್ತು ಆಪರೇಷನ್. ಬೆಳಿಗ್ಗೆ ಮೇಷ್ಟ್ರು, ಕಂಟ್ರಾಕ್ಟರ್ ಇಬ್ಬರಿಗೂ ಮತ್ತಿನ ಇಂಜೆಕ್ಷನ್ ಕೊಟ್ಟು ಕೊನೆಯ ಸ್ಕ್ಯಾನ್ ತೆಗೆದರು. ಎರಡು ಗಾಡಿ, ಕುತ್ತಿಗೆವರೆಗೆ ಹಸಿರು ಬಟ್ಟೆ. ತಂಗಿಯ ಮಗಳು ಆಪರೇಷನ್ ಕೋಣೆಯೊಳಗೆ ಗ್ಲೌಸ್ ಹಾಕಿ ಕಾಯುತ್ತಿದ್ದಳು.
ಮತ್ತಿನ ಇಂಜೆಕ್ಷನ್ ಕೊಡುವ ಡಾಕ್ಟರ್ ಕೇಳಿದರು: “ಏನ್ ಯಜಮಾನ್ರೇ, ಇದ್ರಲ್ಲಿ ಮೇಷ್ಟ್ರು ಯಾರು? ನಂಬರ್ ನೋಡ್ಲಾ?”
“ನಾನಿರುವಾಗ ನಂಬರ್ ಯಾಕ್ರೀ?” ಬಾಯಿಂದ ಬಂದೇಬಿಟ್ಟಿತು.
ಬಗ್ಗಿದೆ. ಮಲಗಿದವರಿಗೆ ನಡಿಗೆಯಿಲ್ಲ, ಕೂಗಿಲ್ಲ. ಬರೀ ಮುಖ. ಎರಡೂ ಇವತ್ತೇ ಮೊದಲ ಸಲ ಕಂಡ ಹಾಗೆ.
ಎಡಗಡೆಯದನ್ನು ತೋರಿಸಿದೆ. ಅವರು ನಗುತ್ತ ತಳ್ಳಿಕೊಂಡು ಹೋದರು. ಗುರುತು ಹಿಡಿದದ್ದಕ್ಕೆ ಪುಸ್ತಕದಲ್ಲಿ ಸಹಿ ಹಾಕಿದೆ.

11.05
ಉಳಿದ ಗಾಡಿಯ ಬಟ್ಟೆ ಈಗ ಸರಿಸಿದೆ. ಎದೆಯ ಮೇಲೆ ಮೇಷ್ಟ್ರ ನಂಬರ್.
ಬಾಗಿಲ ಮೇಲೆ ಕೆಂಪು ದೀಪ. ತಟ್ಟಿದರೆ ನಿಲ್ಲಿಸುತ್ತಾರೆ. ತಟ್ಟಿದರೆ ಯಾಕೆ ತಪ್ಪಿದೆ ಅಂತಲೂ ಹೇಳಬೇಕು. ಸ್ಕ್ಯಾನಿನ ಸುಳ್ಳು, ಎಲ್ಲ. ಆಮೇಲೆ ಈ ಕೆಲಸ ಇಲ್ಲ, ಇವರ್ಯಾರೂ ಇಲ್ಲ.
ಸ್ಟೂಲ್ ಮೇಲೆ ಕೂತು ಬರೆಯುತ್ತಿದ್ದೇನಲ್ಲ, ಎಂಥ ಮನುಷ್ಯ ನಾನು.
ಒಳಗೆ ಡ್ರಿಲ್ ಶುರುವಾಯಿತು.
ಇದೊಂದು ಸಾಲು ಮುಗಿಸಿ ಎದ್ದು—